ಬ್ರೂಸ್ ಲೀ ಊರಿನಲ್ಲಿ ಬೆಪ್ಪನಂತೆ ನಿಂತೆ!

ವಿದೇಶ ಅಂದ್ರೆ ನಮ್ಮ ಸಿನಿಮಾ ಮಂದಿಗೆ ಮೊದಲು ನೆನಪಾಗೋದು ಯಾವುದು ಹೇಳಿ? 1978ರಲ್ಲಿ ದ್ವಾರಕೀಶ್, ವಿಷ್ಣು ಸೇರಿ 'ಸಿಂಗಾಪುರದಲ್ಲಿ ರಾಜಾಕುಳ್ಳ' ಅಂತ ಕ್ಯಾಮೆರಾನ ಕಡಲಾಚೆಗೆ ಹೊತ್ಕೊಂಡು ಹೋದರಲ್ಲ, ಅದೇ ವಿದೇಶ! ಹೀರೋ ವಿಮಾನ ಇಳಿಯುತ್ತಾನೆ, ಕೂಲಿಂಗ್ ಗ್ಲಾಸ್ ಏರಿಸುತ್ತಾನೆ, ಮರುಕ್ಷಣವೇ ಹಾಡು.

ಈ ಬಡಪಾಯಿ ಬೆನ್ನಿಗೊಂದು ಚೀಲ ಹಾಕ್ಕೊಂಡು ಒಂಟಿಯಾಗಿ ಇಳಿದದ್ದು ಹಾಂಕಾಂಗಿನಲ್ಲಿ. ಹಾಡು ಬರಲಿಲ್ಲ. ಗಾಜಿನ ಹಿಂದೆ ಕೂತಿದ್ದ ಅಧಿಕಾರಿ "ಏನು ಉದ್ಯೋಗ?" ಅಂದ. "ಪತ್ರಕರ್ತ" ಅಂದೆ. "ಯಾವ ಪತ್ರಿಕೆ?" "ಎಲ್ಲಾ ಪತ್ರಿಕೆ... ಅಂದ್ರೆ ಯಾವುದೂ ಅಲ್ಲ..." ಪಿಯುಸಿ ಅರ್ಧಕ್ಕೆ ಬಿಟ್ಟವನ ಇಂಗ್ಲಿಷು, ಇನ್ನೇನು ತಾನೇ ಬಂದೀತು? ಭಾರತೀಯರು ಮೊದಲೇ ಇಂಟರ್‌ನೆಟ್ಟಿನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದರೆ ಅಲ್ಲಿ 14 ದಿನ ವೀಸಾ ಬೇಕಿಲ್ಲ. ವಾಪಸ್ ಟಿಕೆಟ್ ತೋರಿಸಿದ ಮೇಲೆ ಒಂದು ಸಣ್ಣ ಚೀಟಿ ಕೊಟ್ಟು ಒಳಗೆ ಬಿಟ್ಟ. ಎದೆ ಮಾತ್ರ ಇನ್ನೂ ಢವಢವ.

ಅಷ್ಟು ಊರು ಬಿಟ್ಟು ಹಾಂಕಾಂಗೇ ಯಾಕೆ ಅಂತೀರಾ? ನಮ್ಮಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ 'ಎಂಟರ್ ದಿ ಡ್ರ್ಯಾಗನ್' ಓಡಿಸಿದ ಕಥೆಯನ್ನು ನನಗೆ ನೂರು ಸಲ ಹೇಳಿದ್ದಾರೆ. ಬ್ರೂಸ್ ಲೀ ತೀರಿಹೋದದ್ದು 1973ರ ಜುಲೈ 20ರಂದು, ಬರೀ 32 ವರ್ಷಕ್ಕೆ. ಆ ಚಿತ್ರ ಬಿಡುಗಡೆಯಾದದ್ದು ಅವನು ಹೋದ ಮೇಲೆ. ಅಪ್ಪನ ಆಸೆ ಒಂದೇ: "ಅವನಿದ್ದ ಮನೆ ಹೇಗಿದೆಯೋ, ಯಾರಾದ್ರೂ ನೋಡ್ಕೊಂಡು ಬಂದು ಹೇಳಬೇಕು." ನಾನು ಓದು ಬಿಟ್ಟ ಮೇಲೆ ಅಪ್ಪನಿಗೂ ನನಗೂ ಮಾತು ಅಷ್ಟಕ್ಕಷ್ಟೇ. ಈ ಸಲ ಹೊರಡುವಾಗಲೂ ಅಮ್ಮನ ಹತ್ತಿರ ಹೇಳಿ ಬಂದವನು ನಾನು.

ವಿಮಾನ ನಿಲ್ದಾಣದಿಂದ ಎ21 ಬಸ್ಸು, ಡಬಲ್ ಡೆಕರ್. ಮೇಲಿನ ಮಹಡಿಯಲ್ಲಿ ಮುಂದಿನ ಸೀಟೇ ಸಿಕ್ತು! ತ್ಸಿಂಗ್ ಮಾ ಸೇತುವೆ ದಾಟಿದಾಗ ಕತ್ತಲಲ್ಲಿ ಕೆಳಗೆ ಸಮುದ್ರ, ಆಮೇಲೆ ಇದ್ದಕ್ಕಿದ್ದಂತೆ ಕಟ್ಟಡಗಳು. ಒಂದೊಂದು ಕಟ್ಟಡಕ್ಕೂ ಸಾವಿರ ಕಿಟಕಿ, ಒಂದೊಂದು ಕಿಟಕಿಗೂ ಒಂದು ಏಸಿ ಪೆಟ್ಟಿಗೆ. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡ್ಕೊಂಡಿತು. ಕೌಲೂನಿನ ನೇಥನ್ ರೋಡಿನಲ್ಲಿ ಇಳಿದರೆ ತಲೆ ಮೇಲೆ ತೊಟ ತೊಟ ನೀರು. ಮಳೆ ಅಂದ್ಕೊಂಡೆ, ಅಲ್ಲ, ಅದೇ ಏಸಿ ನೀರು! ಬ್ರೂಸ್ ಲೀ ಹುಡುಗನಾಗಿದ್ದಾಗ ಇದ್ದದ್ದು ಇದೇ ರಸ್ತೆಯ ಮನೆಯೊಂದರಲ್ಲಿ. ಸಿನಿಮಾದಲ್ಲಿ ರಸ್ತೆಗೆ ಅಡ್ಡಡ್ಡ ಚಾಚಿಕೊಂಡಿದ್ದ ಕೆಂಪು ನೀಲಿ ನಿಯಾನ್ ಬೋರ್ಡುಗಳನ್ನು ಹುಡುಕಿದೆ. ಬಹುಪಾಲು ಕಿತ್ತುಹಾಕಿದ್ದಾರೆ, ಹಳೇ ಬೋರ್ಡು ಅಪಾಯ ಅಂತ ಸರ್ಕಾರದ ಕಾನೂನು. ಉಳಿದದ್ದು ಸಿಗ್ನಲ್ಲಿನ ಟಿಕ್ ಟಿಕ್ ಟಿಕ್ ಸದ್ದು. ಹಸಿರು ಬಿದ್ದರೆ ಅದು ಟೈಂ ಬಾಂಬಿನ ಹಾಗೆ ಬಡ್ಕೊಳ್ಳುತ್ತೆ, ಜನ ಓಡುತ್ತಾರೆ. ನಾನೂ ಓಡಿದೆ, ಎಲ್ಲಿಗೆ ಅಂತ ಗೊತ್ತಿಲ್ಲದೆ.

ಉಳಿದದ್ದು ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನಲ್ಲಿ. ವಾಂಗ್ ಕಾರ್-ವಾಯ್ 1994ರಲ್ಲಿ 'ಚುಂಗ್‌ಕಿಂಗ್ ಎಕ್ಸ್‌ಪ್ರೆಸ್' ತೆಗೆದನಲ್ಲ, ಅದೇ ಕಟ್ಟಡ. 1961ರದ್ದು, ಹದಿನೇಳು ಮಹಡಿ, ಐದು ಬ್ಲಾಕು. ಬ್ಲಾಕಿಗೆ ಎರಡೇ ಲಿಫ್ಟು. ಒಂದು ಸಮಸಂಖ್ಯೆ ಮಹಡಿಗೆ, ಇನ್ನೊಂದು ಬೆಸಸಂಖ್ಯೆಗೆ. ಇದು ಗೊತ್ತಿಲ್ಲದೆ ತಪ್ಪು ಕ್ಯೂನಲ್ಲಿ ಅರ್ಧ ಗಂಟೆ ನಿಂತೆ! ಬಾಗಿಲಲ್ಲೇ "ಭಾಯ್, ರೂಮ್? ಭಾಯ್, ವಾಚ್?" ಅಂತ ಹಿಂದಿ. ಒಳಗೆ ಆಫ್ರಿಕಾದ ವ್ಯಾಪಾರಿಗಳು, ಪಾಕಿಸ್ತಾನದ ಹೋಟೆಲು, ಹಣ ಬದಲಾಯಿಸುವ ಗೂಡುಗಳು, ಸಮೋಸ ವಾಸನೆ. ದಿನಕ್ಕೆ 220 ಹಾಂಕಾಂಗ್ ಡಾಲರ್ ಕೊಟ್ಟೆ, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ ದಾಟಿತು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಕೋಣೆ. ಆ ರಾತ್ರಿ ದುಡ್ಡು ಎಣಿಸಿದೆ, ಮತ್ತೆ ಎಣಿಸಿದೆ. ಸುಳ್ಳು ಯಾಕೆ ಹೇಳಲಿ, ಅಳು ಬಂತು. ಎಪ್ಪತ್ತು ಲಕ್ಷದ ಮೇಲೆ ಜನ ಇರೋ ಊರು, ನನ್ನ ಹೆಸರು ಹಿಡಿದು ಕೂಗೋನು ಒಬ್ಬನೂ ಇಲ್ಲ.

ಮರುದಿನ ಭಾನುವಾರ. ಸ್ಟಾರ್ ಫೆರ್ರಿ ದೋಣಿ ಹತ್ತಿ ಆಚೆ ದಡಕ್ಕೆ ಹೊರಟೆ. ಹಸಿರು ಬಿಳಿ ಬಣ್ಣದ ದೋಣಿ, ಮರದ ಬೆಂಚು. ಬೆಂಚಿನ ಒರಗು ಹಿಂದೆ ಮುಂದೆ ತಿರುಗುತ್ತೆ. ಈ ಸರ್ವೀಸು ಶುರು ಮಾಡಿದ್ದು ಯಾರು ಗೊತ್ತೇ? ಬೊಂಬಾಯಿಯಿಂದ ಹೋಗಿದ್ದ ಪಾರ್ಸಿ ದೊರಾಬ್ಜಿ ನವರೋಜಿ, 1888ರಲ್ಲಿ! ಹತ್ತು ನಿಮಿಷದ ಪ್ರಯಾಣ. ಆ ಹತ್ತು ನಿಮಿಷ ಮಾತ್ರ ನಾನು ಹೀರೋ. ಗಾಳಿಗೆ ಕ್ರಾಪು ಹಾರ್ತಿತ್ತು.

ಆಚೆ ದಡ ಸೆಂಟ್ರಲ್, ಬ್ಯಾಂಕುಗಳ ಪೇಟೆ. ಕೋಟು ಬೂಟಿನ ಸಾಹೇಬರನ್ನು ನೋಡಲು ಹೋದವನಿಗೆ ಕಂಡದ್ದು ಬೇರೆಯೇ. ದೊಡ್ಡ ಬ್ಯಾಂಕಿನ ಕಟ್ಟಡದ ಕೆಳಗೆ, ಕಾಲು ಸೇತುವೆಗಳ ಮೇಲೆ, ರಟ್ಟಿನ ಡಬ್ಬ ಬಿಚ್ಚಿ ಹಾಸಿಕೊಂಡು ಸಾವಿರಾರು ಹೆಂಗಸರು! ಇಸ್ಪೀಟು ಆಡೋರು, ಉಗುರಿಗೆ ಬಣ್ಣ ಹಚ್ಚೋರು, ಫೋನಿನಲ್ಲಿ ಮಕ್ಕಳ ಮುಖ ನೋಡಿ ನಗೋರು. ಫಿಲಿಪೀನ್ಸ್, ಇಂಡೋನೇಷ್ಯಾದಿಂದ ಮನೆಗೆಲಸಕ್ಕೆ ಬಂದವರು. ಇಂಥವರು ಈ ಊರಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು. ಕೆಲಸದ ಮನೆಯಲ್ಲೇ ವಾಸ ಮಾಡಬೇಕು ಅಂತ ನಿಯಮ; ವಾರಕ್ಕೊಂದು ರಜೆ. ರಜೆ ದಿನ ಹೋಗೋಕೆ ಸ್ವಂತದ್ದು ಅಂತ ಜಾಗ ಬೇಕಲ್ಲ, ಅದಕ್ಕೇ ಈ ರಟ್ಟಿನ ಮನೆ. ಯಾವ ಹಾಂಕಾಂಗ್ ಫೈಟಿಂಗ್ ಚಿತ್ರದಲ್ಲೂ ನಾನು ಇದನ್ನು ನೋಡಿರಲಿಲ್ಲ ಕಣ್ರೀ.

ಒಬ್ಬಾಕೆ ಫೋಟೋ ತೆಗೆದುಕೊಡು ಅಂದರು, ತೆಗೆದೆ. "ಒಬ್ಬನೇ ಬಂದೆಯಾ?" ಹೂಂ ಅಂದೆ. "ಮನೆಗೆ ಫೋನ್ ಮಾಡಿದೆಯಾ?" ತಲೆ ಅಲ್ಲಾಡಿಸಿದೆ. ಅವರೆಲ್ಲ ಒಟ್ಟಿಗೆ ಬೈದರು! ಅವರ ಭಾಷೆ ಗೊತ್ತಿಲ್ಲ, ಬೈಗುಳ ಚೆನ್ನಾಗಿ ಅರ್ಥವಾಯಿತು. ಕೊನೆಗೆ ಅನ್ನ, ಮೀನಿನ ಒಂದು ಪೊಟ್ಟಣ ಕಟ್ಟಿ ಕೈಗಿಟ್ಟರು.

ವಾಪಸ್ ದೋಣಿ ಹತ್ತಿ ಕೌಲೂನಿಗೆ ಬಂದೆ. ಇಳಿದ ಕಡೆಯಿಂದ ನಡೆದರೆ ಅವೆನ್ಯೂ ಆಫ್ ಸ್ಟಾರ್ಸ್. ಅಲ್ಲಿ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದಾನೆ ಕಂಚಿನ ಬ್ರೂಸ್ ಲೀ. ಅಭಿಮಾನಿಗಳೇ ಹಣ ಕೂಡಿಸಿ 2005ರ ನವೆಂಬರ್ 27ರಂದು, ಅವನ 65ನೇ ಹುಟ್ಟುಹಬ್ಬಕ್ಕೆ ನಿಲ್ಲಿಸಿದ್ದು. ತಮಾಷೆ ಕೇಳಿ: ಅದರ ಹಿಂದಿನ ದಿನವೇ ಯೂರೋಪಿನ ಬೋಸ್ನಿಯಾದಲ್ಲಿ, ಮೊಸ್ತಾರ್ ಅನ್ನೋ ಊರಲ್ಲಿ ಅವನದೇ ಪ್ರತಿಮೆ ಎದ್ದಿತ್ತು!

ಅಲ್ಲಿ ಸಂಜೆ ಆರೂವರೆ, ನಮ್ಮೂರಲ್ಲಿ ನಾಲ್ಕು ಗಂಟೆ. ವಿಡಿಯೋ ಕಾಲ್ ಮಾಡಿದೆ. ಅಮ್ಮ ಎತ್ತಬಹುದು ಅಂದ್ಕೊಂಡರೆ ಅಪ್ಪ ಎತ್ತಿದರು. ಏನೂ ಹೇಳದೆ ಫೋನನ್ನು ಪ್ರತಿಮೆ ಕಡೆ ತಿರುಗಿಸಿದೆ. ಬಹಳ ಹೊತ್ತು ಸದ್ದಿಲ್ಲ.

"ಇಷ್ಟೇ ಎತ್ತರಾನಾ?" ಅಂದರು ಅಪ್ಪ. ಪರದೆ ಮೇಲೆ ಅವನನ್ನು ಇಪ್ಪತ್ತು ಅಡಿ ನೋಡಿದವರು, ಪಾಪ.

"ಮನೆ ನೋಡಿದ್ಯಾ?"

ಇದನ್ನೇ ಹೆದರಿದ್ದೆ. ಕೌಲೂನ್ ಟಾಂಗಿನ ಆ ಮನೆ ಕೆಲ ಕಾಲ ಗಂಟೆ ಲೆಕ್ಕದ ಲಾಡ್ಜಾಗಿತ್ತು. 2019ರಲ್ಲಿ ಕೆಡವಿದರು. ಹೊರಡುವ ಮೊದಲೇ ನನಗೆ ಗೊತ್ತಿತ್ತು, ಹೇಳಿರಲಿಲ್ಲ.

"ಕೆಡವಿಬಿಟ್ಟಿದ್ದಾರಪ್ಪಾ."

"ಹೂಂ. ನಮ್ಮ ಟಾಕೀಸೂ ಹೋಯ್ತಲ್ಲ, ಬಿಡು." ಆಮೇಲೆ ಮುಖವನ್ನು ಫೋನಿಗೆ ಹತ್ತಿರ ತಂದು, "ಊಟ ಮಾಡಿದ್ಯೇನೋ?" ಅಂದರು.

ಮಾಡಿದೆ ಅಂದೆ. ಫೋನ್ ಇಟ್ಟ ಮೇಲೆ ಅಲ್ಲೇ ಕಟ್ಟೆ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ಮೀನು ಸ್ವಲ್ಪ ಸಿಹಿಯಾಗಿತ್ತು.