ಕಿವಿಗೊಟ್ಟು ನೋಡುವ ಸಿನಿಮಾ

ಸಿನಿಮಾವನ್ನು ಕಿವಿಯಿಂದ ನೋಡುವುದನ್ನು ನನಗೆ ಕಲಿಸಿದವಳು ನಮ್ಮ ಆಯಿ. ಬ್ಯಾಡಗಿಯ ನಮ್ಮ ಓಣಿಗೆಲ್ಲ ಒಂದೇ ಟಿ.ವಿ. ಇದ್ದ ಕಾಲವದು. ಒಂದು ಸಂಜೆ ದೂರದರ್ಶನದಲ್ಲಿ ‘ಸಂತ ಶಿಶುನಾಳ ಶರೀಫ’ ಹಾಕಿದ್ದರು. ಕಣ್ಣಿಗೆ ಪೊರೆ ಬಂದಿದ್ದ ಆಯಿ ಗೋಡೆಗೊರಗಿ, ಟಿ.ವಿ. ಕಡೆ ಮುಖವನ್ನೂ ಮಾಡದೆ ಕೂತಿದ್ದಳು. ಶ್ರೀಧರರ ಶರೀಫ, ಗಿರೀಶ ಕಾರ್ನಾಡರ ಗೋವಿಂದಭಟ್ಟ, ಇಬ್ಬರೂ ಅವಳ ಪಾಲಿಗೆ ಬರೀ ದನಿ. ಸಿ. ಅಶ್ವತ್ಥರ ಸಂಗೀತ ಏರಿದಾಗೆಲ್ಲ ಅವಳ ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು.

“ಹೆಂಗಿತ್ತು ಆಯಿ?” ಅಂದೆ.

“ಪದಾ ಛಲೋ ಹಾಡ್ಯಾರ. ನಮ್ಮ ಭಜನಿಯವರು ಇನ್ನೊಂಚೂರು ನಿಧಾನ ಹಾಡ್ತಾರ, ಅಷ್ಟ.”

ಅವಳು ಹಾಗೆ ತೂಗಿ ಹೇಳಬಲ್ಲವಳೇ ಆಗಿದ್ದಳು. 1819ರಲ್ಲಿ ಶಿಗ್ಗಾವಿ ಸೀಮೆಯ ಶಿಶುನಾಳದಲ್ಲಿ ಹುಟ್ಟಿ, ಸಾಲಿ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರ ಶಿಷ್ಯನಾದ ಶರೀಫರು ಅವಳಿಗೆ ಸಿನಿಮಾದಿಂದ ಪರಿಚಯವಾದವರಲ್ಲ. ಸೋರುವ ಮನೆಯ ಪದವನ್ನು ಜನ ತತ್ವವೆಂದು ಕೇಳುತ್ತಾರೆ. ಆಯಿಗೆ ಅದಕ್ಕೂ ಮೊದಲು ಅದು ನಿಜವಾದ ಮನೆ. ಮಿರ್ಗಾ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ತುಳಿಯದಿದ್ದರೆ ಯಾವ ಜಂತಿಯ ಸಂದಿನಲ್ಲಿ ನೀರು ಇಳಿಯುತ್ತದೆ, ಅದರ ಕೆಳಗೆ ಯಾವ ಪಾತ್ರೆ ಇಡಬೇಕು ಎಂಬುದೆಲ್ಲ ಅವಳಿಗೆ ಕತ್ತಲೆಯಲ್ಲೂ ಗೊತ್ತು. ಟಿ.ಎಸ್. ನಾಗಾಭರಣರ ಈ 1990ರ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗೀಸ್ ದತ್ ಪ್ರಶಸ್ತಿ ಬಂತು. ಓಣಿಯಲ್ಲಿ ಆ ದಿನ ಭಾವೈಕ್ಯದ ಮಾತನ್ನು ಯಾರೂ ಎತ್ತಲಿಲ್ಲ. ನಬೀಸಾಬರ ಮನೆಯ ಚಾಪೆಯ ಮೇಲೆ, ಅವರ ಟಿ.ವಿ.ಯ ಮುಂದೆಯೇ ನಾವೆಲ್ಲ ಕೂತಿದ್ದೆವು.

ಅಂದಿನಿಂದ ನಮ್ಮ ನೆಲದ ಚಿತ್ರಗಳನ್ನು ಹುಡುಕಿ ನೋಡುವುದು ನನ್ನ ಹವ್ಯಾಸ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಸಣ್ಣ ಜಿಲ್ಲೆ, ಆದರೆ ಬಾಡದ ಕನಕ, ಶಿಶುನಾಳದ ಶರೀಫ, ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿ, ಮೂವರೂ ಇಲ್ಲಿಂದಲೇ ಎದ್ದು ಬೆಳ್ಳಿತೆರೆಗೆ ನಡೆದವರು. 1960ರ ‘ಭಕ್ತ ಕನಕದಾಸ’ವನ್ನು ನಾನು ನೋಡಿದ್ದು ಬಹಳ ತಡವಾಗಿ. ರಾಜಕುಮಾರರ ಮುಖ, ಪಿ.ಬಿ. ಶ್ರೀನಿವಾಸರ ಕಂಠ ಒಂದಾಗಿ ಕರಗಿದ ಚಿತ್ರವದು. ಮರುದಿನವೇ ಸೈಕಲ್ ಹತ್ತಿ ಕಾಗಿನೆಲೆಗೆ ಹೋದೆ. ಕೆರೆಯ ಮೇಲಿನ ಗಾಳಿ, ಬಿಸಿಲು, ಜೋಳದ ಹೊಲ. ಚಿತ್ರದಲ್ಲಿ ನನಗೆ ಸಿಗದಿದ್ದದ್ದು ಇದೇ ಗಾಳಿ ಅನ್ನಿಸಿತು. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲವಲ್ಲವೇ.

ಸಿಂಹಳದವರದೂ ಅದೇ ಕಥೆ. ಅವರ ಚಿತ್ರಗಳೂ ಮೊದಲು ದಕ್ಷಿಣ ಭಾರತದ ಸ್ಟುಡಿಯೋಗಳಲ್ಲೇ ಹುಟ್ಟುತ್ತಿದ್ದವು. 1956ರಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ‘ರೇಖಾವ’ ಮಾಡುವಾಗ ಕ್ಯಾಮೆರಾವನ್ನು ಹಳ್ಳಿಗೇ ಹೊತ್ತೊಯ್ದರು. ಮುಟ್ಟಿದರೆ ರೋಗ ವಾಸಿಯಾಗುತ್ತದೆ ಎಂದು ಊರು ನಂಬುವ ಹುಡುಗನ ಕತೆ ಅದು. ಒಂದು ಪದವೂ ತಿಳಿಯದೆ ಕೇಳಿದೆ. ಆ ದ್ವೀಪದ ಹಳ್ಳಿಯವರಿಗೆ ತಮ್ಮದೇ ಓಣಿಯ ಸದ್ದು ಮೊದಲ ಸಲ ತೆರೆಯಿಂದ ಬಂದಾಗ ಹೇಗೆ ಅನ್ನಿಸಿರಬಹುದು ಎಂಬುದು ಮಾತ್ರ ನಬೀಸಾಬರ ಚಾಪೆಯಿಂದಾಗಿ ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ನಾನು ಎಂದೂ ಮರೆಯದ ಆಟವೆಂದರೆ ರಾಣೆಬೆನ್ನೂರಿನದು. ಮೆಣಸಿನಕಾಯಿ ಪ್ಯಾಟಿ ಮುಗಿಸಿದ್ದ ಸೋದರಮಾವ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಕರೆದುಕೊಂಡು ಹೋಗಿದ್ದ. ಮಾವನ ಅಂಗಿಯಲ್ಲಿ ಇನ್ನೂ ಘಾಟಿತ್ತು, ಹಿಂದಿನ ಸಾಲಿನವರು ಸೀನುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಂಧ ಗವಾಯಿಗಳು, ಎರಡೂ ಕೈ ಕೋಲಿನ ಮೇಲೆ. ಮಧ್ಯಂತರದಲ್ಲಿ ಮಾವ ಅವರಿಗೂ ಚಹಾ ತಂದುಕೊಟ್ಟು, “ಹೆಂಗ ಅನಸ್ತದ್ರಿ ಗವಾಯಿಗಳ?” ಅಂದ.

“ಶ್ರುತಿ ಬರೊಬ್ಬರಿ ಐತ್ರಿ. ನೀವು ಏನೇನು ನೋಡಾಕತ್ತೀರಿ, ಅದನ್ನೊಂಚೂರು ಹೇಳ್ರಿ.”

ಆ ಕೆಲಸ ನನ್ನ ಪಾಲಿಗೆ ಬಂತು. ಬಾಗಿಲು ತೆರೀತು, ಶಿಷ್ಯ ಬಂದ, ಕಾಲಿಗೆ ಬಿದ್ದ ಎಂದು ಕಿವಿಯಲ್ಲಿ ಉಸುರುತ್ತ ಹೋದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ತೆಗೆದರೆ ಸಾಕು, ಅವರ ಬೆನ್ನು ನೆಟ್ಟಗಾಗುತ್ತಿತ್ತು. ಕಣ್ಣಿಲ್ಲದ ನೂರಾರು ಮಕ್ಕಳಿಗೆ ಪಂಚಾಕ್ಷರಿ ಗವಾಯಿಗಳು, ಅವರ ನಂತರ ನಮ್ಮ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಸ್ವರ ಹಾಕಿಕೊಟ್ಟ ಮನೆ ಅದು. ಕವಿದು ಗುಡುಗುವ ಮೋಡಗಳ ಹಾಡು ಬಂತು. ಹಂಸಲೇಖ ಕಟ್ಟಿದ್ದು, ಶಾಸ್ತ್ರೋಕ್ತವಾಗಿ ಸಂಗೀತ ಕಲಿಯದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ್ದು, ಮುಂದೆ ಈ ಚಿತ್ರದಿಂದ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ನಾನು ಹೇಳುತ್ತಲೇ ಇದ್ದೆ. ಗವಾಯಿಗಳು ನನ್ನ ಮೊಣಕೈ ಹಿಡಿದು, “ಈಗ ಸುಮ್ನಿರು ತಮ್ಮಾ,” ಅಂದರು. ಹಾಡು ಮುಗಿಯುವವರೆಗೆ ಹಿಡಿತ ಬಿಡಲಿಲ್ಲ. ತಾನ ಏರುವಾಗ ಅವರ ಬೆರಳು ಬಿಗಿಯಾಗುತ್ತಿತ್ತು, ಸಮಕ್ಕೆ ಬಂದಾಗ ಸಡಿಲವಾಗುತ್ತಿತ್ತು. ನಾನೂ ಕಣ್ಣು ಮುಚ್ಚಿದೆ. ಆ ದೃಶ್ಯದಲ್ಲಿ ತೆರೆಯ ಮೇಲೆ ಏನಿತ್ತೆಂದು ಇವತ್ತಿಗೂ ನೆನಪಿಲ್ಲ.

ಇನ್ನೊಂದು ಚಿತ್ರಕ್ಕಾಗಿ ನಾನು ಕಾಯುತ್ತಿದ್ದೇನೆ. ಅದರ ಧ್ವನಿ ನನ್ನೊಳಗೆ ಆಗಲೇ ಸಿದ್ಧವಿದೆ. ದಸರೆಯ ಹೊತ್ತಿಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ. ಕರಿ ಕಂಬಳಿ ತೊಟ್ಟ ಗೊರವಯ್ಯಗಳ ಡಮರುಗ, ಭಂಡಾರದ ಧೂಳು, ಸಾವಿರಾರು ಜನರ ಗದ್ದಲ. ಗೊರವಯ್ಯ ಬಿಲ್ಲು ಏರುತ್ತಾನೆ. ‘ಸದ್ದಲೇ’ ಎಂಬ ಒಂದು ಕೂಗು, ಗುಡ್ಡಕ್ಕೆ ಗುಡ್ಡವೇ ಉಸಿರು ಹಿಡಿಯುತ್ತದೆ. ಕೂಸುಗಳೂ ಅಳುವುದಿಲ್ಲ. ಅವನು ನಾಲ್ಕೇ ಮಾತು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗೆ ಹತ್ತಾರು ಕೈಗಳು ಹಿಡಿಯುತ್ತವೆ. ಹೋದ ಸಲ ನನ್ನ ಪಕ್ಕದಲ್ಲಿ ನಿಂತಿದ್ದ ಮುದುಕ, ಟವೆಲ್ಲಿನಿಂದ ಭಂಡಾರ ಒರೆಸಿಕೊಳ್ಳುತ್ತ, ಮೆತ್ತಗೆ ಕೇಳಿದ:

“ತಮ್ಮಾ, ಮಳಿ ಅಂದ ಏನು? ನನಗ ಕೇಳಸಲಿಲ್ಲ.”