ಮನೆ ತಲುಪುವ ಅಂದಾಜು

ಸಂಜೆ ಆರೂ ಹತ್ತಕ್ಕೆ ಸಿ.ಎಸ್.ಎಂ.ಟಿ.ಯಲ್ಲಿ ಕಲ್ಯಾಣದ ಫಾಸ್ಟ್ ಲೋಕಲ್ ಹಿಡಿದರೆ ಏಳೂವರೆಗೆ ಡೊಂಬಿವಲಿಯ ಮನೆಯಲ್ಲಿರುತ್ತೇನೆಂದು ನನ್ನ ಲೆಕ್ಕ. ಕುರ್ಲಾದ ಬಳಿ ಗಾಡಿ ನಿಂತರೆ ಅದು ಏಳೂ ಮುಕ್ಕಾಲಾಗುತ್ತದೆ. ಠಾಣೆ ಬೇಗ ದಾಟಿದರೆ ಮತ್ತೆ ಐದು ನಿಮಿಷ ಇಳಿಯುತ್ತದೆ. ಇಪ್ಪತ್ತು ವರ್ಷಗಳಿಂದ ಈ ಅಂದಾಜನ್ನು ತಿದ್ದುತ್ತಲೇ ಬದುಕಿದ್ದೇನೆ. ಇದಕ್ಕೂ ಒಂದು ಶಾಸ್ತ್ರವಿದೆಯೆಂದು ತಿಳಿದದ್ದು ಮಗಳಿಂದ.

ನವಿ ಮುಂಬಯಿಯಲ್ಲಿ ಎಂಜಿನಿಯರಿಂಗ್ ಓದುವ ಅವಳು, ರಿಚರ್ಡ್ ಸಟನ್ ಮತ್ತು ಆಂಡ್ರ್ಯೂ ಬಾರ್ಟೊ 1998ರಲ್ಲಿ ಪ್ರಕಟಿಸಿದ ಪುಸ್ತಕದ ಒಂದು ಪುಟ ತೋರಿಸಿದಳು. ಅಲ್ಲಿಯೂ ಒಬ್ಬ ನೌಕರ ಶುಕ್ರವಾರ ಸಂಜೆ ಆರಕ್ಕೆ ಮನೆಗೆ ಹೊರಟಿದ್ದಾನೆ. ಮೊದಲ ಅಂದಾಜು 30 ನಿಮಿಷ, ಮಳೆ ಕಂಡು 40, ಹೆದ್ದಾರಿ ಬೇಗ ಮುಗಿದು 35, ಲಾರಿಯ ಹಿಂದೆ ಸಿಕ್ಕಿ ಮತ್ತೆ 40, ತಲುಪಿದ್ದು 43ಕ್ಕೆ. ಮನೆ ಮುಟ್ಟುವವರೆಗೆ ಕಾಯಬೇಕಿಲ್ಲ, ಪ್ರತಿ ತಿರುವಿನಲ್ಲೂ ಹೊಸ ಅಂದಾಜಿನಿಂದ ಹಳೆಯದನ್ನು ತುಸು ತಿದ್ದಿಕೊಳ್ಳಬಹುದು ಎಂಬುದೇ ಇದರ ತತ್ತ್ವ. ಈಗಿನ ಸ್ಥಿತಿಯಿಂದ ಮುಂದೆ ಒಟ್ಟು ಎಷ್ಟು ಫಲ ದೊರೆತೀತೆಂಬ ನಿರೀಕ್ಷೆಗೆ ವ್ಯಾಲ್ಯೂ ಫಂಕ್ಷನ್ ಎಂದು ಹೆಸರು. ಸ್ಥಿತಿಗಳು ಎಣಿಕೆಗೆ ಸಿಗದಷ್ಟಾದಾಗ ನ್ಯೂರಲ್ ನೆಟ್‌ವರ್ಕ್ ಆ ನಿರೀಕ್ಷೆಯನ್ನು ಕಲಿಯುತ್ತದೆ. 2015ರಲ್ಲಿ ಡೀಪ್‌ಮೈಂಡ್ ತಂಡ ಪ್ರಕಟಿಸಿದ ವಿಧಾನ ಹೀಗೆಯೇ 49 ಅಟಾರಿ ಆಟಗಳನ್ನು ಕಲಿತಿತ್ತು.

"ಆದ್ರ ಅದಕ್ಕೊಂದು ರೋಗ ಐತಿ ಪಪ್ಪಾ" ಎಂದಳು ಮಗಳು. ಮುಂದಿರುವ ಆಯ್ಕೆಗಳಲ್ಲಿ ಅತಿ ದೊಡ್ಡ ಅಂದಾಜನ್ನೇ ಹಿಡಿದರೆ, ಎಷ್ಟೋ ಸಲ ಆ ದೊಡ್ಡತನ ಬರಿಯ ತಪ್ಪಿನಿಂದ ಬಂದದ್ದಾಗಿರುತ್ತದೆ. ಆ ತಪ್ಪೇ ಹಿಂದಿನ ಅಂದಾಜಿಗೆ ಗುರಿಯಾಗುತ್ತದೆ. ಆಸೆಯ ಮೇಲೆ ಆಸೆ ಉಬ್ಬುತ್ತದೆ. ಹಾಡೊ ವಾನ್ ಹ್ಯಾಸೆಲ್ಟ್ 2010ರಲ್ಲಿ ಸೂಚಿಸಿದ ಮದ್ದು ಸರಳವಾದದ್ದು: ಎರಡು ಅಂದಾಜುಗಳಿರಲಿ, ಒಂದು ಆರಿಸಲಿ, ಆರಿಸಿದ್ದರ ಬೆಲೆಯನ್ನು ಇನ್ನೊಂದು ಹೇಳಲಿ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಒಂಬತ್ತು ವರ್ಷಗಳಿಂದ ಧಾರವಾಡದಲ್ಲಿರುವ ಅಪ್ಪನಿಗೆ "ಬರೋ ಏಪ್ರಿಲ್‌ದಾಗ ಟ್ರಾನ್ಸ್‌ಫರ್ ಖಂಡಿತಾ" ಎನ್ನುತ್ತ ಬಂದಿದ್ದೇನೆ. ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದೆ. ಬಡ್ತಿ ಬರಲಿ, ಮಗಳ ಹತ್ತನೆಯದು ಮುಗಿಯಲಿ, ಆಮೇಲೆ ಎಲ್ಲವೂ ಸಲೀಸು ಎಂದು ಪ್ರತಿ ಸಲವೂ ಅತಿ ಹೊಳಪಿನ ಮುಂದಿನ ವರ್ಷವನ್ನೇ ಆರಿಸಿಕೊಂಡೆ. ಆರಿಸುವವನೂ ನಾನೇ, ಬೆಲೆ ಕಟ್ಟುವವನೂ ನಾನೇ.

ಅಪ್ಪನಾದರೋ ಬೇರೆಯೇ ಕಲಿತರು. ಮೊದಲ ವರ್ಷ ನಮಗಾಗಿ ಅಟ್ಟದ ಕೋಣೆಗೆ ಸುಣ್ಣ ಹೊಡೆಸಿದರು. ಮೂರನೆಯ ವರ್ಷ "ಖರೇನ?" ಎಂದು ಕೇಳಿದರು. ಈಚೆಗೆ "ಊಟ ಆತೇನು?" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅವರು ಸಮಾಧಾನಕ್ಕೆ ಬಂದಿದ್ದಾರೆಂದು ನಾನು ತಿಳಿದಿದ್ದೆ. ಅವರ ಅಂದಾಜು ನಿಜಕ್ಕೆ ಹತ್ತಿರವಾಗಿತ್ತು, ಅಷ್ಟೆ.

ಮರುದಿನ ವರ್ಗಾವಣೆಯ ಅರ್ಜಿ ಬರೆದೆ. ಈ ಸಲ ಬಡ್ತಿ ಬಿಟ್ಟುಕೊಡಲು ಒಪ್ಪಿ. ಆ ಶುಕ್ರವಾರ ರಜೆ ಹಾಕಿ ಕಲ್ಯಾಣದಲ್ಲಿ ರೈಲು ಹತ್ತಿದೆ. ಅರ್ಜಿಯ ಮಾತು ಎತ್ತದೆ, ನಸುಕಿಗೆ ಬರುತ್ತೇನೆಂದಷ್ಟೇ ಫೋನಿನಲ್ಲಿ ತಿಳಿಸಿದೆ.

"ಅಳ್ನಾವರ ದಾಟಿದ ಮ್ಯಾಲೆ ಫೋನ್ ಮಾಡಪಾ" ಎಂದರು ಅಪ್ಪ. "ಆಮ್ಯಾಲೆ ಚಾ ಇಡತೇನಿ."