ಹಳದಿ ಬೆಲ್ಟಿನ ಸಿದ್ಧತೆ ಕಲಿಸಿದ ಮೌಲ್ಯಮಾಪನ

ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ನಾನು ಬೋಧನಾಭ್ಯಾಸ ಮಾಡುತ್ತಿದ್ದಾಗ ಅಲ್ಲಿನ ಹುಡುಗಿಯರು ಸಂಜೆ ಟೇಕ್ವಾಂಡೋ ಕಲಿಯುತ್ತಿದ್ದರು. ಸಮಗ್ರ ಶಿಕ್ಷಣದಡಿ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ನಡೆಯುವ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಮೂರು ತಿಂಗಳಿನದು. ಅದು ಮುಗಿದ ಮೇಲೂ ಕೆಲವರು ಬಿಡದೆ ಹಳದಿ ಬೆಲ್ಟಿನ ಪರೀಕ್ಷೆಗೆ ಸಿದ್ಧರಾಗುತ್ತಿದ್ದರು. ಬೆಳಿಗ್ಗೆ ಅವರಿಗೆ ಗಣಿತ ಹೇಳುತ್ತಿದ್ದ ನಾನು ಸಂಜೆ ಬಿಳಿ ಬೆಲ್ಟ್ ಕಟ್ಟಿ ಅವರದೇ ಸಾಲಿನಲ್ಲಿ ನಿಂತೆ.

ಪರೀಕ್ಷೆಗೆ ಮುಖ್ಯವಾಗಿ ಬೇಕಾದದ್ದು ತೇಗುಕ್ ಇಲ್ ಜಾಂಗ್ ಎಂಬ ಮೊದಲ ಪೂಮ್ಸೆ. ಇದರಲ್ಲಿ 18 ಚಲನೆಗಳಿವೆ: ಕೆಳಗಿನ ಏಟು ತಡೆಯುವುದು, ಎದೆಮಟ್ಟದ ಗುದ್ದು, ಮುಖದ ರಕ್ಷಣೆ, ಮುಂದಕ್ಕೆ ಒದೆ. 'ಹಾನಾ, ದುಲ್, ಸೆತ್' ಎಂದು ಕೊರಿಯನ್ ಎಣಿಕೆಗೆ ಹೆಜ್ಜೆ ಹಾಕಬೇಕು. ಕೊನೆಯ ಗುದ್ದಿಗೆ ಮಾತ್ರ ಕಿಹಾಪ್, ಅಂದರೆ ಹೊಟ್ಟೆಯೊಳಗಿನಿಂದ ಬರುವ ಕೂಗು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ನಿಯಮ. ಪೂಮ್ಸೆ ಶುರುವಾದ ಜಾಗದಲ್ಲೇ ಮುಗಿಯಬೇಕು. ತರಬೇತುದಾರರು ನೆಲದ ಮೇಲೆ ಸುಣ್ಣದ ಗುರುತು ಹಾಕಿಸಿದ್ದರು. ಗೇಣುದ್ದ ಆಚೀಚೆ ನಿಂತರೆ ನಡುವೆ ಎಲ್ಲೋ ಹೆಜ್ಜೆ ಅಳತೆ ಮೀರಿದೆ ಎಂದರ್ಥ. ತರಗತಿಯಲ್ಲಿ ತಲೆಯನ್ನೇ ಎತ್ತದ ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು "ನಂದು ಬರೋಬ್ಬರಿ ಐತೇನು?" ಎಂದು ಕೇಳಿದೆ. "ನಿಂತ ಜಾಗಾ ನೋಡ್ಕೋರಿ ಟೀಚರ್, ಅದ ಹೇಳ್ತೈತಿ" ಎಂದಳು.

ಆ ಮಾತನ್ನು ನಾನು ರೇಖಾತ್ಮಕ ಸಮೀಕರಣದ ಪಾಠಕ್ಕೆ ಒಯ್ದೆ. ಲೆಕ್ಕ ಮುಗಿಸಿದವರು ನೋಟ್‌ಬುಕ್ ಹಿಡಿದು ನನ್ನ ಬಳಿ ಬರುವ ಬದಲು, ಸಿಕ್ಕ ಬೆಲೆಯನ್ನು ಮತ್ತೆ ಸಮೀಕರಣದಲ್ಲಿ ಹಾಕಿ ಎರಡೂ ಬದಿ ಸಮವಾಗುತ್ತವೆಯೇ ಎಂದು ತಾಳೆ ನೋಡಬೇಕು. ಸಮವಾಗದಿದ್ದರೆ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹುಡುಕಬೇಕು. ಆ ಹುಡುಗಿ ತನ್ನ ಋಣ ಚಿಹ್ನೆಯ ತಪ್ಪನ್ನು ತಾನೇ ಹಿಡಿದಳು.

ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬಂತು. ಹತ್ತು ದಿನ ಅವಳು ಹೊಲದಲ್ಲಿದ್ದಳು. ಮರಳಿ ಬಂದಾಗ ಬೆಲ್ಟ್ ಪರೀಕ್ಷೆಗೆ ಎರಡೇ ದಿನ. ಎರಡು ಸಲ ಪೂಮ್ಸೆ ಮಾಡಿ, ಗುರುತು ನೋಡಿ, ತಾನೇ ನಿರ್ಧರಿಸಿದಳು: "ಗುರ್ತಿಗೆ ಬರಾಕ ಆಗವಲ್ದ್ರಿ, ಮುಂದಿನ ಸಲ ಹೋಗ್ತೇನಿ." ಯಾರೂ ಅವಳನ್ನು ನಪಾಸಾದವಳೆನ್ನಲಿಲ್ಲ. ಆದರೆ ಅವಳು ಹೊಲದಲ್ಲಿದ್ದಾಗಲೇ ನಡೆದುಹೋದ ಗಣಿತದ ಕಿರುಪರೀಕ್ಷೆಯಲ್ಲಿ ಅವಳ ಹೆಸರಿನ ಮುಂದೆ ಖಾಲಿ ಜಾಗವಿತ್ತು. ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು, ವಾರದ ನಂತರ ಅವಳು ಸಿದ್ಧಳೆಂದ ದಿನ ಅದನ್ನು ಬರೆಸಿದೆ. ರೂಪಣಾತ್ಮಕ ಮೌಲ್ಯಮಾಪನ ಎಂದು ನಾವು ಕಲಿಯುವುದರ ಅರ್ಥವೂ ಇದೇ ಅಲ್ಲವೇ?

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಕೋರಿಕೆ. ಪಾಠಯೋಜನೆಯ ಮೌಲ್ಯಮಾಪನದ ಅಂಕಣದಲ್ಲಿ ಶಿಕ್ಷಕರು ಕೇಳುವ ಪ್ರಶ್ನೆಗಳ ಜೊತೆಗೆ ಇನ್ನೊಂದು ಸಾಲು ಬರೆಯಿರಿ: ತಾನು ಗುರುತಿಗೆ ಬಂದಿದ್ದೇನೆಂದು ಮಗುವಿಗೆ ತಾನಾಗಿಯೇ ತಿಳಿಯುವುದು ಹೇಗೆ?